ಇಲಿಗಳಿಗೆ ಬೀಸಿಸಿದ ಕುರುಗೋಡಿನ ಜೋಳ

ಸತ್ಯನಾರಾಯಣಪೇಟೆಗೆ ಬಂದು ಮೆಹರುನ್ನೀಸಾ ಅವರ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. ಇಲಿ ಮೇಡಂ ಮನೆ ಎಂದರೆ ಹಾಲು ಹಾಕುವವನೂ ನನ್ನ ಮನೆಯತ್ತ ಬೆರಳು ತೋರಿಸುತ್ತಾನೆ. ಬಳ್ಳಾರಿಯ ಒಂದು ಖಾಸಗಿ ಕಾಲೇಜಿನ ಪ್ರಾಣಿಗೃಹವನ್ನು ನೋಡಿಕೊಳ್ಳುತ್ತ ನನ್ನ ಕೆಲಸದ ವರ್ಷಗಳೆಲ್ಲ ಕಳೆದವು. ಓದಿದ್ದು ಜೀವರಸಾಯನ. ಇಲಿಗಳಿಗೆ ಇಂತಿಂಥದ್ದು ತಿನ್ನಿಸಿದರೆ ಅವುಗಳ ಮಿದುಳಿನ ರಸಾಯನ ಹೇಗೆ ಬದಲಾಗುತ್ತದೆ, ಆಗ ಅವು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುವುದು ನಮ್ಮ ವಿಭಾಗದ ಕೆಲಸವಾಗಿತ್ತು. ಮದುವೆ ಮನೆಗಳಲ್ಲಿ ಇದನ್ನು ವಿವರಿಸಲು ಹೋಗಿ ಸಾಕಾಗಿದೆ. "ಅಂದ್ರ ನೀವು ಇಲಿಗೆ ಅಡಿಗಿ ಮಾಡಿ ಹಾಕ್ತೀರೇನ್ರಿ?" ಎಂದು ಹೆಂಗಸರು ಕೇಳುತ್ತಿದ್ದರು. ಹೌದು ಎಂದುಬಿಡುತ್ತಿದ್ದೆ. ನಿಜವೂ ಅದೇ ತಾನೇ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ಆಗಾಗ ಮನೆಗೆ ಬಂದು ಅದು ಹೇಗೆ ಇದು ಹೇಗೆ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ಇಲ್ಲಿ ಬರುವುದಿಲ್ಲ; ಶಾಲುಗಳು ಬೀರುವಿನಲ್ಲಿ ಹುಳ ಹಿಡಿಯದ ಹಾಗೆ ಇವೆ, ಅಷ್ಟು ಸಾಕು. ಹೆಚ್ಚಾಗಿ ಹುಲಿಗೆಮ್ಮನ ವಿಷಯ ಬರೆಯಬೇಕೆಂದಿದ್ದೇನೆ. ತನ್ನ ಅಜ್ಜಿಗೆ ಹಿಡಿದ ಹುಚ್ಚು ರಕ್ತದಲ್ಲಿ ಹರಿದು ಬರುವಂಥದ್ದೋ, ಇಲ್ಲ ಊಟದಿಂದ ಬಂದದ್ದೋ ತಿಳಿಯಬೇಕೆಂದು ನಮ್ಮಲ್ಲಿಗೆ ಬಂದ ಹುಡುಗಿ ಅವಳು. ಅದಕ್ಕೆ ಮೊದಲು ಇಲಿಗಳ ಪರಿಚಯ ಆಗಬೇಕು.

ನಾನು ಸೇರಿದ ಮೊದಲ ವಾರವೇ ಒಂದು ಇಲಿ ನನ್ನ ಹೆಬ್ಬೆರಳನ್ನು ಕಚ್ಚಿತು. ಕಿರುಚಿದೆ. ಪ್ರಾಣಿಗೃಹದ ಸಹಾಯಕ ಮಾರೆಪ್ಪ ಹೊಟ್ಟಿನ ಚೀಲ ಕೆಳಗಿಟ್ಟು ಬಂದು ನೋಡಿ, "ಬಾಲ ಹಿಡದು ಎತ್ತಿದ್ರ ಮತ್ತೇನ್ ಮಾಡಬೇಕ್ರಿ ಅದು? ನಿಮ್ಮ ಜಡಿ ಹಿಡದು ಎತ್ತಿದ್ರ ನೀವು ಸುಮ್ಮನಿರ್ತೀರೇನು?" ಎಂದ. ಅವನು ರೂಪನಗುಡಿಯವನು. ಬಾಯಿ ಸ್ವಲ್ಪ ಜಾಸ್ತಿ. ಬೆನ್ನಿನ ಮೇಲಿಂದ ಅಂಗೈ ಇಳಿಸಿ, ಎರಡು ಬೆರಳನ್ನು ಭುಜದ ಹಿಂದೆ ಇಟ್ಟು, ಅವಸರ ಮಾಡದೆ ಎತ್ತಬೇಕು. ಕೈಗೆ ಸೆಂಟು ಹಾಕಿಕೊಂಡು ಬರಬಾರದು. ಮನೆಯಲ್ಲಿ ಬೆಕ್ಕಿದ್ದರೆ ಬಟ್ಟೆ ಬದಲಿಸಿ ಬರಬೇಕು. ಇಷ್ಟನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ ಎಂದರೆ ಸುಳ್ಳಾಗುತ್ತದೆ; ಹೇಳಿತ್ತು, ನಾನು ಆ ಪುಟ ಹಾರಿಸಿ ಮಿದುಳಿನ ಪುಟಕ್ಕೆ ಹೋಗಿದ್ದೆ. ಈಗಿನವರೂ ಅದನ್ನೇ ಮಾಡುತ್ತಾರೆ.

ಮಾರೆಪ್ಪನಿಂದಲೂ ಎಡವಟ್ಟುಗಳಾಗುತ್ತಿದ್ದವು. ಒಂದು ಗಣೇಶ ಚೌತಿಯ ಮರುದಿನ ನೋಡಿದರೆ ಪಂಜರಗಳಿಗೆಲ್ಲ ಕುಂಕುಮ, ಒಳಗೆ ಬೆಲ್ಲದ ಅಂಟು. ಗಣಪನ ವಾಹನ ಎಂದು ಒಂದೊಂದಕ್ಕೂ ಕಡುಬು ಮುರಿದು ಹಾಕಿದ್ದ. ಸಕ್ಕರೆ ತಿನ್ನುವ ಗುಂಪು, ಸಕ್ಕರೆ ತಿನ್ನದ ಗುಂಪು ಎಂದು ನಾವು ಕಣ್ಣಲ್ಲಿ ಕಣ್ಣಿಟ್ಟು ಕಾದ ಇಲಿಗಳು ಅವು. ಬಾಯಿಗೆ ಬಂದ ಹಾಗೆ ಬೈದೆ. "ವರ್ಷಕ್ಕೊಂದ ದಿನ ರೀ" ಎಂದು ಮುಖ ಸಣ್ಣ ಮಾಡಿಕೊಂಡ. ಮುಂದಿನ ವರ್ಷದಿಂದ ಒಂದು ಒಪ್ಪಂದಕ್ಕೆ ಬಂದೆವು: ಮರಿ ಹಾಕಲು ಇಟ್ಟ, ಪ್ರಯೋಗದಲ್ಲಿ ಇಲ್ಲದ ಇಲಿಗಳಿಗೆ ಮಾತ್ರ ಕಡುಬು. ನಾನು ರೋಜಾ ಇರುವ ದಿನಗಳಲ್ಲಿ ಅವನೇ ನನ್ನ ಪಾಲಿನ ನೀರಿನ ಬಾಟಲಿಗಳನ್ನೂ ತುಂಬಿಸಿಬಿಡುತ್ತಿದ್ದ.

ಆಮೇಲೆ ಬಿಸಿಲು. ನಮ್ಮ ಊರಿನ ಬಿಸಿಲನ್ನು ಮರೆತು ಯಾವ ತೀರ್ಮಾನವನ್ನೂ ಬರೆಯಬೇಡಿ. ಎಣ್ಣೆ ಪದಾರ್ಥ ತಿಂದ ಇಲಿಗಳು ಶಾಂತವಾಗಿ ಬಿದ್ದುಕೊಳ್ಳುತ್ತವೆ, ಜಗಳವಾಡುವುದಿಲ್ಲ ಎಂದು ಒಬ್ಬ ವಿದ್ಯಾರ್ಥಿ ಸಂಭ್ರಮದಿಂದ ಬರೆದುಕೊಂಡು ಬಂದಿದ್ದ. ಮೇ ತಿಂಗಳು, ಕೂಲರ್ ಕೆಟ್ಟಿತ್ತು. ಆ ಕೋಣೆಯಲ್ಲಿ ಮಾರೆಪ್ಪನೂ ಶಾಂತವಾಗಿ ಬಿದ್ದುಕೊಂಡಿದ್ದ. ಅವನು ಯಾವ ಎಣ್ಣೆ ತಿಂದಿದ್ದಾನೆ ನೋಡು ಎಂದು ಹುಡುಗನನ್ನು ವಾಪಸು ಕಳಿಸಿದೆ.

ಮೇಲಿನವರ ವಿಷಯ. ನಾನು ಸೇರಿದಾಗ ಇದ್ದ ವಿಭಾಗದ ಮುಖ್ಯಸ್ಥರು ಇಲಿಯ ಮಿದುಳಿನ ಬಗ್ಗೆ ಗಂಟೆಗಟ್ಟಲೆ ಪಾಠ ಮಾಡುತ್ತಿದ್ದರು, ಇಲಿಯನ್ನು ಕಂಡರೆ ಸ್ಟೂಲು ಹತ್ತುತ್ತಿದ್ದರು. ಒಳ್ಳೆಯ ಮನುಷ್ಯ. ಅವರ ನಂತರ ಬಂದವರನ್ನು ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದೆವು. ಅವರಿಗೆ ಭಯವಿಲ್ಲ, ಆದರೆ ಅವಸರ ಬಹಳ. ಯಾವ ಪ್ರಯೋಗ ಕೈಗೆತ್ತಿಕೊಂಡರೂ ಮೊದಲ ದಿನವೇ ಅದರ ಕೊನೆಯ ಸಾಲು ಅವರ ತಲೆಯಲ್ಲಿರುತ್ತಿತ್ತು. ಹುಲಿಗೆಮ್ಮನಿಗೆ ಅವರೇ ಮಾರ್ಗದರ್ಶಕರು.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಇಲಿಯ ಪುಕ್ಕಲುತನ ಅಳೆಯಲು ನಾವು ಸ್ಟಾಪ್‌ವಾಚ್ ಹಿಡಿದು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆವು. ಅಧಿಕ ಚಿಹ್ನೆಯ ಆಕಾರದ ಒಂದು ಮರದ ಹಾದಿ, ನೆಲದಿಂದ ಸೊಂಟದೆತ್ತರಕ್ಕೆ ಇಟ್ಟದ್ದು. ಎರಡು ಹಾದಿಗಳಿಗೆ ಗೋಡೆ, ಎರಡು ಬಯಲು. ಧೈರ್ಯವಿರುವ ಇಲಿ ಬಯಲಿನ ತುದಿಯವರೆಗೂ ಹೋಗಿ ಮೂಗು ಚಾಚಿ ನೋಡುತ್ತದೆ. ಹೆದರಿದ್ದು ಗೋಡೆಗಳ ನಡುವೆ ಕೂತುಬಿಡುತ್ತದೆ. ಈಗ ಚಾವಣಿಯಲ್ಲಿ ಕ್ಯಾಮೆರಾ, ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಒಳ್ಳೆಯದೇ. ಆದರೆ ಪಂಜರದ ಮುಚ್ಚಳ ತೆಗೆದಾಗ ಇಲಿ ಹೇಗೆ ನೋಡುತ್ತದೆ ಎಂಬುದನ್ನು ಈಗಿನವರು ಗಮನಿಸುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಮಿದುಳಿನಲ್ಲಿ ಯಾವ ರಸಾಯನ ಎಷ್ಟಿದೆ ಎಂದು ತಿಳಿಯಬೇಕಾದರೆ ಇಲಿಯನ್ನು ಕೊಲ್ಲಬೇಕು. ನೋವಾಗದ ಹಾಗೆ, ನೈತಿಕ ಸಮಿತಿ ಒಪ್ಪಿದ ರೀತಿಯಲ್ಲಿ, ಬೇಕಾದಷ್ಟನ್ನು ಮಾತ್ರ. ಆ ದಿನ ಮಾರೆಪ್ಪ ರಜೆ ಹಾಕುತ್ತಿದ್ದ. ನಾನು ಹಾಕುವಂತಿರಲಿಲ್ಲ. ಮನೆಗೆ ಹೋಗಿ ಸ್ನಾನ ಮಾಡಿ ಊಟ ಬಿಟ್ಟು ಮಲಗುತ್ತಿದ್ದೆ. ನನಗೆ ಕೊನೆಯವರೆಗೂ ಅದು ಅಭ್ಯಾಸವಾಗಲಿಲ್ಲ, ಅಭ್ಯಾಸವಾಗದೇ ಇದ್ದದ್ದು ಸರಿ ಎಂದೇ ಅನ್ನಿಸುತ್ತದೆ. ಇದನ್ನು ತಡೆದುಕೊಳ್ಳಲಾರೆ ಎನ್ನುವವರು ಬೇರೆ ಕೆಲಸ ನೋಡಿಕೊಳ್ಳಲಿ, ಅದರಲ್ಲಿ ನಾಚಿಕೆಯೇನಿಲ್ಲ.

ಹುಲಿಗೆಮ್ಮ ಕುರುಗೋಡಿನವಳು. ಸಂಶೋಧನೆಗೆ ಸೇರಿದಾಗ ಇಲಿಯನ್ನು ಮೊದಲ ಸಲವೇ ಸರಿಯಾಗಿ ಎತ್ತಿದಳು. ಮಾರೆಪ್ಪನಿಗೆ ಅಲ್ಲಿಂದಲೇ ಅವಳು ಅಚ್ಚುಮೆಚ್ಚು. ಮಾತು ಕಡಿಮೆ. ಬರಿ ಜೋಳ ತಿನ್ನಿಸಿದರೆ ಇಲಿಯ ಮಿದುಳಿಗೆ ಏನಾಗುತ್ತದೆ ಎಂಬ ವಿಷಯವನ್ನು ಅವಳೇ ಆರಿಸಿಕೊಂಡಿದ್ದಳು. ಯಾಕಮ್ಮ, ಸಕ್ಕರೆ ಇದೆ, ಎಣ್ಣೆ ಇದೆ, ಎಲ್ಲರೂ ಮಾಡುವಂಥದ್ದು ಮಾಡಬಾರದೇ ಎಂದು ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ.

"ನಮ್ಮ ಅಜ್ಜಿಗೆ ಹುಚ್ಚ ಹಿಡದಿತ್ತಂತ್ರಿ ಮೇಡಂ" ಎಂದಳು, ರೊಟ್ಟಿ ಮುರಿಯುತ್ತಲೇ. "ನಮ್ಮವ್ವನ ಅವ್ವ. ಸಿರುಗುಪ್ಪದ ಕಡೆ ಕೊಟ್ಟಿದ್ರು. ಮಂದಿ ಮ್ಯಾಲೆ ಬೀಳ್ತಿದ್ಲಂತ, ಕಚ್ಚಾಕ ಬರ್ತಿದ್ಲಂತ. ಹಿತ್ತಲ ಕೋಣ್ಯಾಗ ಇಟ್ಟಿದ್ರು. ಅಲ್ಲೇ ತೀರಿಕೊಂಡ್ಲು."

ಪಠ್ಯಪುಸ್ತಕದಲ್ಲಿ ಅವಳು ಪೆಲ್ಲಾಗ್ರ ಎಂಬ ರೋಗದ ಬಗ್ಗೆ ಓದಿದ್ದಳು. ಬರಿ ಜೋಳದ ಮೇಲೆ ಬದುಕಿದವರಲ್ಲಿ ಕಾಣಿಸಿಕೊಂಡಿದ್ದ ರೋಗ ಅದು. ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಒಡೆಯುತ್ತದೆ, ಹೊಟ್ಟೆ ಕೆಡುತ್ತದೆ, ಕೊನೆಗೆ ಬುದ್ಧಿ ಕೆಡುತ್ತದೆ. ಅಜ್ಜಿಯ ಚರ್ಮ ಹೇಗಿತ್ತು ಎಂದು ಅವ್ವನನ್ನು ಕೇಳಿದ್ದಳು. "ನಾ ಸಣ್ಣಾಕಿ ಇದ್ದೆ, ನನಗೇನೂ ನೆನಪಿಲ್ಲ" ಎಂದು ಅವ್ವ ಮಾತು ಮುಗಿಸಿದ್ದಳಂತೆ. ಸಿರುಗುಪ್ಪದ ಕಡೆಯಿಂದ ಹುಲಿಗೆಮ್ಮನಿಗೆ ಬಂದಿದ್ದ ಒಂದು ಸಂಬಂಧ ಈ ಅಜ್ಜಿಯ ಸುದ್ದಿ ತಿಳಿದೇ ಮುರಿದುಬಿದ್ದಿತ್ತು.

"ಸಂಬಂಧ ಹೋಗ್ಲಿ ಬಿಡ್ರಿ" ಎಂದಳು. "ನನಗ ಒಮ್ಮೊಮ್ಮೆ ಸಿಟ್ಟು ಬಂದ್ರ ಸಾಕು, ಶುರುವಾತೇನೋ ಅನಸ್ತೈತಿ. ನಮ್ಮವ್ವ ನನ್ನ ಮುಖ ಹಂಗ ನೋಡ್ತಾಳ. ರಕ್ತದಾಗ ಐತೋ ಇಲ್ಲೋ, ಅದೊಂದು ಗೊತ್ತಾಗಬೇಕು ನನಗ."

ಇಲಿಯಿಂದ ಅಜ್ಜಿಯ ವಿಷಯ ಹೇಳಲು ಬರುವುದಿಲ್ಲ ಎಂದೆ. ಗೊತ್ತು ಎಂದಳು. ಗೊತ್ತಿದ್ದೂ ಆಸೆ ಇಟ್ಟುಕೊಂಡಿದ್ದಾಳೆ ಎಂದು ನನಗೂ ಗೊತ್ತಾಯಿತು.

ಅವಳ ತರ್ಕ ಸರಿಯಾಗಿಯೇ ಇತ್ತು. ಟ್ರಿಪ್ಟೊಫಾನ್ ಎಂಬ ಅಂಶವನ್ನು ದೇಹ ತಾನಾಗಿ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಮನಸ್ಸಿಗೆ ಸಮಾಧಾನ ಕೊಡುವ ಸೆರೊಟೋನಿನನ್ನು ಮಿದುಳು ಅದರಿಂದಲೇ ತಯಾರಿಸುತ್ತದೆ. ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಂಶ ಹೆಚ್ಚು. ಎರಡೂ ಮಿದುಳಿನೊಳಕ್ಕೆ ಒಂದೇ ಬಾಗಿಲಿನಿಂದ ಹೋಗಬೇಕು. ಸಂತೆಯ ದಿನ ಸಿರುಗುಪ್ಪದ ಬಸ್ಸು ಹತ್ತುವುದನ್ನು ನೋಡಿದ್ದೀರಲ್ಲ, ಹಾಗೆ: ಲ್ಯೂಸಿನ್ ಗುಂಪು ಬಾಗಿಲಲ್ಲಿ ಜೋತುಬಿದ್ದರೆ ಟ್ರಿಪ್ಟೊಫಾನ್ ಕೆಳಗೇ ಉಳಿಯುತ್ತದೆ. ಬರಿ ಜೋಳ ತಿಂದ ಇಲಿ ಹೆದರುತ್ತದೆ, ಕಚ್ಚುತ್ತದೆ ಎಂದು ಅವಳ ಊಹೆ.

ಇಲಿಗಳನ್ನು ಮೂರು ಗುಂಪು ಮಾಡಿದೆವು. ಒಂದಕ್ಕೆ ಎಲ್ಲ ಪೌಷ್ಟಿಕಾಂಶವೂ ಇರುವ ಎಂದಿನ ಗುಳಿಗೆ ಆಹಾರ, ಅಂದರೆ ಪೆಲೆಟ್ಟು, ಒಂದಕ್ಕೆ ಸಿರುಗುಪ್ಪದ ಅಕ್ಕಿ, ಒಂದಕ್ಕೆ ಕುರುಗೋಡಿನ ಜೋಳ. ಎಲ್ಲ ಜೋಳವೂ ಒಂದೇ ಹೊಲದ್ದಾಗಿರಲಿ ಎಂದು ಹುಲಿಗೆಮ್ಮ ತನ್ನ ಮನೆಯದನ್ನೇ ತರಿಸಿದಳು. ಕಾಳಿನ ಮಾದರಿಯನ್ನು ಪರೀಕ್ಷೆಗೆ ಕಳಿಸಿ ಅದರಲ್ಲಿ ಏನೇನಿದೆ ಎಂದು ತಿಳಿದುಕೊಂಡೆವು. ಅಕ್ಕಿಯನ್ನು ಕಾಲೇಜಿನ ಮಿಕ್ಸರಿನಲ್ಲೇ ಪುಡಿ ಮಾಡಿದೆವು. ಜೋಳ ಹಾಕಿದಾಗ ಆ ಮಿಕ್ಸರು ಹೊಗೆ ಬಿಟ್ಟು ಕೈಕೊಟ್ಟಿತು. ಹಾಗಾಗಿ ಜೋಳವನ್ನು ಅವಳ ಅವ್ವ ಬಸಮ್ಮನೇ ಕುರುಗೋಡಿನ ಗಿರಣಿಯಲ್ಲಿ ಬೀಸಿಸಿ, ಹಿಟ್ಟನ್ನು ಬಸ್ಸಿನಲ್ಲಿ ಕಳಿಸುವುದೆಂದು ಆಯಿತು. ಹಿಟ್ಟು ಬಂದ ಮೇಲೆ ಬೇಕಾದ ಉಪ್ಪು, ಎಣ್ಣೆ ಬೆರೆಸಿ ಉಂಡೆ ಕಟ್ಟಿ ಒಣಗಿಸುತ್ತಿದ್ದೆವು.

ವಾರಗಳು ಕಳೆದವು. ಅಕ್ಕಿಯ ಇಲಿಗಳು ಸೊರಗಿದವು, ಸ್ವಲ್ಪ ಪುಕ್ಕಲಾದವು. ಜೋಳದ ಇಲಿಗಳಿಗೆ ಏನೂ ಆಗಲಿಲ್ಲ. ಪೆಲೆಟ್ಟು ತಿಂದವುಗಳ ಹಾಗೆಯೇ ಬಯಲು ಹಾದಿಯಲ್ಲಿ ಓಡಾಡಿದವು, ಮಾರೆಪ್ಪನ ತೋಳಿನ ಮೇಲೆ ಹತ್ತಿ ಕೂತವು. ಮಿದುಳಿನ ಸೆರೊಟೋನಿನ್ನೂ ಸರಿಯಾಗಿಯೇ ಇತ್ತು.

ದೊಡ್ಡ ಸರ್‌ಗೆ ಹಬ್ಬ. ಎಲ್ಲ ಕಡೆ ಸಿರಿಧಾನ್ಯದ ಮಾತೇ ನಡೆಯುತ್ತಿದ್ದ ಕಾಲ. ನಮ್ಮ ನಾಡಿನ ಜೋಳ ಮಿದುಳಿಗೂ ಮಿತ್ರ ಎಂದು ಒಂದು ಸಭೆಯಲ್ಲಿ ಹೇಳಿಯೂ ಬಂದರು. ಮರುದಿನ ಪತ್ರಿಕೆಯಲ್ಲಿ ಅವರ ಫೋಟೊ. ನಮ್ಮ ಕಚೇರಿಯ ಸಿರುಗುಪ್ಪದ ಗುಮಾಸ್ತರು, "ಹಂಗಾದ್ರ ಅನ್ನ ಉಣ್ಣೋ ನಾವೆಲ್ಲ ಪುಕ್ಕಲರೇನ್ರಿ?" ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಹುಲಿಗೆಮ್ಮ ಮಾತ್ರ ಪ್ರಾಣಿಗೃಹದಲ್ಲಿ ನೀರಿನ ಬಾಟಲಿ ತೊಳೆಯುತ್ತ ನಿಂತಿದ್ದಳು. ತೊಳೆದದ್ದನ್ನೇ ತೊಳೆಯುತ್ತಿದ್ದಳು. ಮಹಾಪ್ರಬಂಧ ಮುಗಿಯುವ ಹಂತಕ್ಕೆ ಬಂತಲ್ಲ, ಖುಷಿಯಾಗಲಿಲ್ಲವೇ ಎಂದು ಕೇಳಿದೆ.

"ಜ್ವಾಳದಿಂದ ಏನೂ ಆಗಂಗಿಲ್ಲ ಅಂದಮ್ಯಾಲೆ ನಮ್ಮ ಅಜ್ಜಿಗೆ ಆಗಿದ್ದು ಬ್ಯಾರೆ ಯಾವುದರಿಂದನೋ ಅಲ್ಲೇನ್ರಿ" ಎಂದಳು. "ರಕ್ತದಾಗ ಐತ್ರಿ ಹಂಗಾದ್ರ."

ಒಂದು ಪ್ರಯೋಗದಿಂದ ಹಾಗೆಲ್ಲ ಹೇಳಲಾಗದು ಎಂದು ಪಾಠ ಹೇಳಿದೆ. ತಲೆಯಾಡಿಸಿದಳು. ಪಾಠದಿಂದ ಯಾರಿಗೂ ನಿದ್ದೆ ಬರುವುದಿಲ್ಲ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

ಕರಡು ಪ್ರತಿ ಟೈಪಾಗಿ ಬಂದ ವಾರ ಬಸಮ್ಮ ಮಗಳನ್ನು ನೋಡಲು ಬಳ್ಳಾರಿಗೆ ಬಂದಳು. ಗಟ್ಟಿ ಮೈಯ, ನಗುಮುಖದ ಹೆಂಗಸು. ಕಾಲೇಜಿನ ಒಳಗೆ ಬರಲು ಸಂಕೋಚಪಟ್ಟು ಪ್ರಾಣಿಗೃಹದ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ನಮಗೂ ಕೊಟ್ಟಳು. ಬೆಳಗ್ಗೆ ಮಾಡಿದ ರೊಟ್ಟಿ, ಮಧ್ಯಾಹ್ನದ ಹೊತ್ತಿಗೂ ಮಡಚಿದರೆ ಮುರಿಯುತ್ತಿರಲಿಲ್ಲ. ನನ್ನ ರೊಟ್ಟಿ ತವೆಯಿಂದ ಇಳಿಯುವ ಮೊದಲೇ ಹೋಳಾಗುತ್ತದೆ. ಹೇಗಮ್ಮ ಇಷ್ಟು ಮೆತ್ತಗೆ ಎಂದು ಕೇಳಿದೆ.

"ಅದೇನ್ ದೊಡ್ಡ ವಿದ್ಯಾ ರೀ? ಬೀಸಸಾಕ ಹೋಗೋ ಮುಂದ ಜ್ವಾಳಕ್ಕ ಹಿಡಿ ಉದ್ದಿನಬ್ಯಾಳಿ ಹಾಕಬೇಕು. ಜಿಗಿ ಬರ್ತೈತಿ."

ನನ್ನ ಕೈಯ ತುತ್ತು ಅಲ್ಲೇ ನಿಂತಿತು. ಹುಲಿಗೆಮ್ಮನೂ ಅವ್ವನ ಕಡೆ ತಿರುಗಿದಳು.

"ನಮಗ ಕಳಸೋ ಹಿಟ್ಟಿಗೂ ಹಾಕಿದ್ರೇನು?" ಎಂದು ನಾನೇ ಕೇಳಿದೆ.

"ಮತ್ತ! ಬರೇ ಜ್ವಾಳ ಯಾರು ಬೀಸಸ್ತಾರ್ರಿ? ಅದೂ ಕಾಲೇಜಿಗೆ ಹೋಗೋ ಹಿಟ್ಟು. ಮನೀಗಿಂತ ಎರಡು ಹಿಡಿ ಜಾಸ್ತಿನ ಹಾಕೀನಿ."

ಮಾರೆಪ್ಪ ಮೊದಲು ನಕ್ಕ. ನಮ್ಮ ಮುಖ ನೋಡಿ ನಿಲ್ಲಿಸಿದ. ಜೋಳದಲ್ಲಿ ಏನು ಕಡಿಮೆಯೋ ಅದು ಬೇಳೆಯಲ್ಲಿ ಇರುತ್ತದೆ ಎಂದು ನಾನು ಮೊದಲ ವರ್ಷದ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ನಾವು ಪರೀಕ್ಷೆಗೆ ಕಳಿಸಿದ್ದು ಕಾಳನ್ನು. ಇಲಿಗಳು ತಿಂದದ್ದು ಹಿಟ್ಟನ್ನು. ಕಾಳು ಹಿಟ್ಟಾಗುವ ನಡುವೆ ಒಂದು ಮನೆ ಇದೆ, ಆ ಮನೆಯ ಹೆಂಗಸಿಗೆ ತನ್ನದೇ ಪದ್ಧತಿ ಇರುತ್ತದೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಹುಲಿಗೆಮ್ಮ ಹುಟ್ಟಿದಾಗಿನಿಂದ ಅದೇ ಹಿಟ್ಟಿನ ರೊಟ್ಟಿ ತಿಂದವಳು. ಅವಳಿಗೆ ಅದು ಜೋಳದ ಹಿಟ್ಟೇ, ಬೇರೆ ಹೆಸರಿಲ್ಲ.

"ತಪ್ಪಾತೇನ್ರಿ?" ಎಂದು ಬಸಮ್ಮ ಗಾಬರಿಯಾದಳು.

"ಇಲ್ಲವ್ವಾ" ಎಂದಳು ಹುಲಿಗೆಮ್ಮ. ಅವತ್ತು ಸಂಜೆ ಅವ್ವನನ್ನು ಬಸ್ಸು ಹತ್ತಿಸಿ ಬಂದಳು.

ಮರುದಿನ ದೊಡ್ಡ ಸರ್ ಹತ್ತಿರ ಅವಳೇ ಹೋದಳು. ನನ್ನನ್ನು ಜೊತೆಗೆ ಕರೆದಳು. ಅವರು ಕೇಳಿಸಿಕೊಂಡು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದು ಹಿಡಿ ಉದ್ದಿಗೆ ಇಷ್ಟು ರಂಪ ಯಾಕಮ್ಮ? ಕೆಳಗ ಒಂದು ಅಡಿಟಿಪ್ಪಣಿ ಹಾಕು, ಮುಗೀತು."

"ಬರೇ ಜ್ವಾಳ ಅಂತ ಬರದೀನಿ ಸರ್. ಅದು ಬರೇ ಜ್ವಾಳ ಅಲ್ಲ."

"ಮತ್ತೆ ಮೊದಲಿಂದ ಮಾಡಿದ್ರ ನಿನ್ನ ಅವಧಿ ಮುಗೀತೈತಿ. ವಿಸ್ತರಣೆ ಸಿಗದಿದ್ರ ಪದವಿನೇ ಇಲ್ಲ. ತಿಳೀತಾ?"

"ತಿಳೀತ್ರಿ."

"ಪೇಪರ್‌ನಾಗ ಬಂದೈತಿ. ನಾನು ಯಾವ ಮುಖ ಇಟ್ಟುಕೊಂಡು ತಿರುಗ್ಲಿ?"

ಬೈದು ಹೊರಗೆ ಕಳಿಸಿದರು. ಮೂರ್ನಾಲ್ಕು ದಿನ ಎದುರಿಗೆ ಸಿಕ್ಕರೂ ಮುಖ ತಿರುಗಿಸಿದರು. ಆಮೇಲೆ ಏನಾಯಿತೋ, ತಾವೇ ವಿಸ್ತರಣೆಗೆ ಬರೆದರು. ನೈತಿಕ ಸಮಿತಿಯ ಮುಂದೆ ಕೂತು ಇನ್ನಷ್ಟು ಇಲಿಗಳು ಏಕೆ ಬೇಕೆಂದು ವಾದಿಸಿದರು. ಆ ಸಭೆಯಲ್ಲಿ ಉದ್ದಿನ ಕಥೆಯನ್ನು ಎಲ್ಲರೂ ನಗುವ ಹಾಗೆ ಅವರೇ ಹೇಳಿದರಂತೆ. ಅವಸರದ ಮನುಷ್ಯ, ಆದರೆ ಕೆಟ್ಟವರಲ್ಲ ಎಂದು ಬರೆಯಲು ನನಗೆ ಸಂತೋಷವಾಗುತ್ತದೆ.

ಎರಡನೆಯ ಸಲ ನಾನು ಒಂದು ಷರತ್ತು ಹಾಕಿದೆ. ಯಾವ ಪಂಜರಕ್ಕೆ ಯಾವ ಆಹಾರ ಎಂಬುದು ಮಾರೆಪ್ಪನಿಗೆ ಮತ್ತು ಗುಮಾಸ್ತರಿಗೆ ಮಾತ್ರ ಗೊತ್ತಿರಬೇಕು; ಗುಮಾಸ್ತರು ಅದನ್ನು ಬರೆದು ಲಕೋಟೆಯಲ್ಲಿ ಮುಚ್ಚಿಡಬೇಕು. ಅಳೆಯುವುದು ನಾನು, ನನಗೆ ಗೊತ್ತಿರಬಾರದು. ಹುಲಿಗೆಮ್ಮ ಇಲಿಗಳನ್ನು ಮುಟ್ಟುವಂತಿಲ್ಲ. ಉತ್ತರ ಹೀಗೇ ಬರಲಿ ಎಂದು ಹಂಬಲಿಸುವವರ ಕೈಗೆ ಅಳತೆ ಕೊಡಬಾರದು. ಅವಳಿಗೆ ಬೇಸರವಾಯಿತು, ಆದರೆ ಒಪ್ಪಿದಳು. ಪಕ್ಕದ ಕೋಣೆಯಲ್ಲಿ ಕೂತು ರಾಸಾಯನಿಕ ದ್ರಾವಣಗಳನ್ನು ತಯಾರಿಸುತ್ತ, ನಾನು ಹೊರಗೆ ಬಂದಾಗಲೆಲ್ಲ ನನ್ನ ಮುಖ ಓದಲು ನೋಡುತ್ತಿದ್ದಳು. ನಾನು ಮುಖಕ್ಕೆ ಮಾಸ್ಕು ಹಾಕಿಕೊಂಡೇ ಹೊರಗೆ ಬರುತ್ತಿದ್ದೆ.

ಈ ಸಲ ಹಿಟ್ಟು ಎರಡು ಚೀಲಗಳಲ್ಲಿ ಬಂತು, ಒಂದು ಉದ್ದು ಹಾಕಿದ್ದು, ಒಂದು ಬರಿ ಜೋಳ. ಎರಡನ್ನೂ ಪರೀಕ್ಷೆಗೆ ಕಳಿಸಿದೆವು. ಬರಿ ಜೋಳ ಬೀಸಿಸಲು ಗಿರಣಿಯಲ್ಲಿ ನಾಚಿಕೆಯಾಯಿತು, "ಏನು ಬಸಮ್ಮಾ, ಉದ್ದಿಗೂ ಬರ ಬಂತಾ?" ಎಂದು ಅಲ್ಲಿಯವರು ಕೇಳಿದರು ಎಂದು ಫೋನಿನಲ್ಲಿ ಬಸಮ್ಮ ಗೊಣಗಿದಳು.

ಕೆಲವು ವಾರಗಳ ನಂತರ ಕೆಲವು ಪಂಜರಗಳು ಬದಲಾದವು. ಮುಚ್ಚಳದ ಸದ್ದಿಗೇ ಇಲಿಗಳು ಬೆಚ್ಚಿ ಮೂಲೆ ಸೇರುತ್ತಿದ್ದವು. ರೋಮ ಒರಟಾಯಿತು, ಮೈ ಇಳಿಯಿತು. ಮರದ ಹಾದಿಯಲ್ಲಿ ಬಿಟ್ಟರೆ ಗೋಡೆಗಳ ನಡುವಿನಿಂದ ಕದಲುತ್ತಿರಲಿಲ್ಲ. ಅವುಗಳಲ್ಲಿ ಒಂದು ನನ್ನ ಕೈಗವಸಿನ ಮೇಲಿಂದಲೇ ಹಲ್ಲು ಊರಿತು. ಎಷ್ಟೋ ವರ್ಷಗಳಿಂದ ಇಲಿ ನನ್ನನ್ನು ಕಚ್ಚಿರಲಿಲ್ಲ. "ಇದಕ್ಕ ಏನ್ ತಿನ್ನಸಾಕತ್ತೀಯೋ ಮಾರೆಪ್ಪಾ?" ಎಂದು ಬಾಯಿ ತಪ್ಪಿ ಕೇಳಿದೆ. "ಹೇಳಂಗಿಲ್ಲ ಅಂತ ನೀವ ಹೇಳೀರಿ" ಎಂದ.

ಲಕೋಟೆ ಒಡೆದು ಗುಂಪುಗಳನ್ನು ತಿಳಿದದ್ದು ದೊಡ್ಡ ಸರ್ ಕೋಣೆಯಲ್ಲಿ. ಬೆಚ್ಚಿದವು, ಕಚ್ಚಿದವು ಬಹುಪಾಲು ಬರಿ ಜೋಳದವು. ಅವುಗಳ ಮಿದುಳಿನಲ್ಲಿ ಸೆರೊಟೋನಿನ್ ಇಳಿದಿತ್ತು. ಉದ್ದು ಹಾಕಿದ ಗುಂಪು ಮೊದಲಿನ ಹಾಗೆಯೇ ಇತ್ತು. ಹುಲಿಗೆಮ್ಮ ಕುರ್ಚಿಯಲ್ಲಿ ಕೂತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ದೊಡ್ಡ ಸರ್ ಎದ್ದು ಹೋಗಿ ಕಿಟಕಿ ತೆರೆದರು, ಸೆಖೆ ಎಂದರು.

ಸಂತೋಷದ ಮೇಲೆ ತಣ್ಣೀರೆರಚುವುದು ನನ್ನ ಕೆಲಸ, ಎರಚಿದೆ. ಸೆರೊಟೋನಿನ್ ಇಳಿದದ್ದರಿಂದ ಕಚ್ಚಿದವೋ, ಪೌಷ್ಟಿಕಾಂಶ ಕಡಿಮೆಯಾಗಿ ಸೊರಗಿದ್ದರಿಂದ ಕಚ್ಚಿದವೋ ನಮ್ಮ ಪ್ರಯೋಗ ಬಿಡಿಸಿ ಹೇಳುವುದಿಲ್ಲ. ಇದು ಇಲಿಗಳ ವಿಷಯ, ಒಂದು ಕಾಲೇಜಿನ ಕೆಲವೇ ಇಲಿಗಳ ವಿಷಯ. ಪ್ರಬಂಧದಲ್ಲಿ ಅಷ್ಟನ್ನೇ ಬರೆಸಿದೆ. ಅಜ್ಜಿಯ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ.

ಪ್ರತಿ ಗುಂಪಿನಲ್ಲೂ ಕೆಲವು ಇಲಿಗಳನ್ನು ಕೊಲ್ಲದೆ ಉಳಿಸಿಕೊಂಡಿದ್ದೆವು, ಆಹಾರ ಬದಲಿಸಿದರೆ ಏನಾಗುತ್ತದೆ ನೋಡಲು. ಅವುಗಳಲ್ಲಿ ಬರಿ ಜೋಳ ತಿಂದವಕ್ಕೆ ಉದ್ದು ಹಾಕಿದ ಹಿಟ್ಟಿನ ಉಂಡೆ ಕೊಟ್ಟೆವು. ದಿನ ಕಳೆದ ಹಾಗೆ ಮೈ ತುಂಬಿಕೊಂಡವು, ರೋಮ ಹೊಳೆಯಿತು. ನನ್ನನ್ನು ಕಚ್ಚಿದ್ದೂ ಅವುಗಳಲ್ಲಿತ್ತು. ಅದರ ಕಿವಿಯ ತುದಿ ಹರಿದಿತ್ತು, ಹಾಗಾಗಿ ಗುರುತು ಸಿಗುತ್ತಿತ್ತು.

ಪ್ರಬಂಧ ಒಪ್ಪಿಸಿದ ದಿನ ಬಸಮ್ಮ ಮತ್ತೆ ಬಂದಳು. ಈ ಸಲ ಸಂಕೋಚ ಬಿಟ್ಟು ಒಳಗೆ ಬಂದು, ತನ್ನ ಜೋಳ ತಿಂದ ಇಲಿಗಳನ್ನು ತೋರಿಸಿರಿ ಎಂದಳು. ಹರಿದ ಕಿವಿಯ ಇಲಿಯನ್ನು ಮಾರೆಪ್ಪ ಅಂಗೈ ಮೇಲೆ ಇಟ್ಟುಕೊಂಡು ಹತ್ತಿರ ತಂದ. ಅದು ಮುಂಗಾಲಿನಲ್ಲಿ ಉಂಡೆಯ ಚೂರು ಹಿಡಿದು ತನ್ನ ಪಾಡಿಗೆ ತಿನ್ನುತ್ತಿತ್ತು.

"ಇದಾ ಮೇಡಂನ ಕಚ್ಚಿದ್ದು?"

"ಇದ ನೋಡ್ರಿ" ಎಂದ ಮಾರೆಪ್ಪ. "ಬರೇ ಜ್ವಾಳ ತಿಂದಾಗ ಹಂಗ ಮಾಡ್ತಿತ್ತು. ಈಗ ಆರಾಮ ಐತಿ."

ಬಸಮ್ಮ ಬೆರಳು ಚಾಚಿ ಅದರ ಬೆನ್ನು ಮುಟ್ಟಿದಳು. ಇಲಿ ತಿನ್ನುವುದನ್ನು ನಿಲ್ಲಿಸಲಿಲ್ಲ. ಅವಳು ಬೆರಳು ತೆಗೆಯಲಿಲ್ಲ.

"ಇಲಿ ಕಚ್ಚಿದ್ರ ಏನ್ ತಿಂದೈತಿ ಅಂತ ಕೇಳ್ತೀರಿ ನೀವು" ಎಂದಳು, ನನ್ನನ್ನು ನೋಡದೆ. "ನಮ್ಮವ್ವ ಕಚ್ಚಾಕ ಬಂದ್ರ ಯಾರೂ ಅದನ್ನ ಕೇಳಲಿಲ್ರಿ. ಕೋಣ್ಯಾಗ ಹಾಕಿದ್ರು. ಹತ್ರ ಹೋಗಬ್ಯಾಡ ಅಂತಿದ್ರು. ತಾಟು ಬಾಗಲದಾಗ ಇಟ್ಟು ಕೋಲಿಲೆ ಒಳಗ ನೂಕಬೇಕು. ನಾನ ನೂಕ್ತಿದ್ದೆ. ಸಣ್ಣಾಕಿ ಇದ್ರೂ ನೆನಪೈತಿ."

ಹುಲಿಗೆಮ್ಮ ಅವ್ವನ ಪಕ್ಕಕ್ಕೆ ಬಂದು ನಿಂತಳು.

"ತಾಟಿನ್ಯಾಗ ಏನಿರ್ತಿತ್ತವ್ವಾ?"

ಬಸಮ್ಮ ಇಲಿಯನ್ನೇ ನೋಡುತ್ತಿದ್ದಳು.

"ರೊಟ್ಟಿ" ಎಂದಳು. "ಉದ್ದು ಹಾಕೋದು ನಾ ಕುರುಗೋಡಿಗೆ ಬಂದ ಮ್ಯಾಲೆ ಕಲತಿದ್ದು. ಬ್ಯಾಳಿ, ಪಲ್ಯ ಎಲ್ಲಾ ಗಂಡಸರು ಉಂಡ ಮ್ಯಾಲೆ ಮುಗದಿರ್ತಿತ್ತು, ಕೋಣ್ಯಾಗ ಹಾಕೋ ಮೊದಲೂ ಹಂಗ. ಬರೇ ರೊಟ್ಟಿ, ಮ್ಯಾಲೆ ಒಂದು ಹರಳು ಉಪ್ಪು."